ಪರಾಜಿತ ರಾಜ್ಯದ ಲೆಕ್ಕಪತ್ರ: ದಿವಾನ್ ಪೂರ್ಣಯ್ಯನ ಜೀವನ

ದೊಡ್ಡಬಳ್ಳಾಪುರದಿಂದ ಉತ್ತರಕ್ಕೆ ಹೊರಟು, ಮಾಕಳಿದುರ್ಗದ ಬೆಟ್ಟಸಾಲನ್ನೂ ಘಾಟಿ ಸುಬ್ರಹ್ಮಣ್ಯದ ಕಣಿವೆಯನ್ನೂ ಹಾದು ಗೌರಿಬಿದನೂರನ್ನು ದಾಟಿದರೆ ಹಿಂದೂಪುರದ ಸೀಮೆ ಎದುರಾಗುತ್ತದೆ. ಇಂದು ಕರ್ನಾಟಕ ಮತ್ತು ಆಂಧ್ರಪ್ರದೇಶಗಳನ್ನು ಬೇರ್ಪಡಿಸುವ ಈ ಗೆರೆಯ ಬುಡದಲ್ಲಿರುವುದು ಭಾಷೆಯ ವಿಚಾರವಲ್ಲ, ಯುದ್ಧದಲ್ಲಿ ಸೋತ ರಾಜ್ಯವೊಂದನ್ನು ಗೆದ್ದವರು ಹಂಚಿಕೊಂಡ ಪತ್ರ. 1799ರ ಜೂನ್ 22ರ ವಿಭಜನಾ ಒಪ್ಪಂದವೇ ಆ ಪತ್ರ. ಗೆರೆಯ ಈಚೆಗೆ ಉಳಿದ ನೆಲವನ್ನು ಮತ್ತೆ ರಾಜ್ಯವೆಂದು ಕರೆಯುವಂತೆ ಕಟ್ಟಿದವನು ದಿವಾನ್ ಪೂರ್ಣಯ್ಯ. ಸೋತ ಸುಲ್ತಾನನ ಹಣಕಾಸನ್ನು ನೋಡಿಕೊಂಡಿದ್ದವನೂ ಅವನೇ. ಒಬ್ಬನೇ ವ್ಯಕ್ತಿ ಎರಡು ಪ್ರಭುತ್ವಗಳ ಲೆಕ್ಕವನ್ನು ಕೈಬದಲಾಯಿಸದೆ ಬರೆದುಕೊಂಡು ಹೋದ ಈ ಸಂಗತಿಯನ್ನು ದ್ರೋಹವೆಂದು ಖಂಡಿಸುವುದೂ ಸುಲಭ, ಮುತ್ಸದ್ದಿತನವೆಂದು ಕೊಂಡಾಡುವುದೂ ಸುಲಭ. ಎರಡೂ ಬಗೆಯ ಬರಹಗಳು ಸಾಕಷ್ಟು ಬಂದಿವೆ. ಆ ಲೆಕ್ಕದಲ್ಲಿ ಏನು ಸೇರಿತ್ತು, ಏನು ಬಿಟ್ಟುಹೋಗಿತ್ತು ಎಂಬುದರ ಕಡೆಗೆ ಮಾತ್ರ ಗಮನ ಕಡಿಮೆ.

ಈ ಸೀಮೆಗೆ ಸೋಲು ಗೆಲುವುಗಳು ಹೊಸವೇನಲ್ಲ. ಘಾಟಿಯ ಸುಬ್ರಹ್ಮಣ್ಯ ಕ್ಷೇತ್ರವನ್ನು ಅಭಿವೃದ್ಧಿಪಡಿಸಿದವರು ಸಂಡೂರಿನ ಘೋರ್ಪಡೆ ಮನೆತನದವರೆಂಬ ನಂಬಿಕೆ ಬಳಕೆಯಲ್ಲಿದೆ. ಹಿಂದೂಪುರದ ಹೆಸರೂ ಅದೇ ಕುಲದ ಗುತ್ತಿಯ ಮುರಾರಿರಾಯನ ತಂದೆ ಹಿಂದೂರಾಯನಿಂದ ಬಂದುದೆಂದು ಹೇಳಲಾಗುತ್ತದೆ. ದೊಡ್ಡಬಳ್ಳಾಪುರವು ಬಿಜಾಪುರದವರ ಕೈಯಿಂದ ಮೊಗಲರ ಶಿರಾ ಸುಬೆಗೆ ಸೇರಿ, ಅಬ್ಬಾಸ್ ಕುಲಿಖಾನನ ಜಹಗೀರಾಗಿ, 1761ರಲ್ಲಿ ಹೈದರನ ವಶವಾಯಿತು. ತಂದೆ ಫತೇ ಮಹಮ್ಮದನ ಮರಣಾನಂತರ ಬಾಲಕ ಹೈದರನೂ ಅವನ ಅಣ್ಣನೂ ಸಾಲಕ್ಕಾಗಿ ಇದೇ ಊರಿನಲ್ಲಿ ಹಿಂಸೆಗೆ ಒಳಗಾಗಿದ್ದರೆಂಬುದನ್ನು ನೆನೆದರೆ ಆ ಗೆಲುವಿನ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. 1770ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ನೆಲಮಂಗಲ ಸೀಮೆಯ ನಿಜಗಲ್ಲಿಗೆ ಮುತ್ತಿಗೆ ಹಾಕಿತು. 1776ರಲ್ಲಿ ಹೈದರನು ಗುತ್ತಿಯನ್ನು ಗೆದ್ದು ಮುರಾರಿರಾಯನನ್ನು ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟನು. 1791ರಲ್ಲಿ ಕಾರ್ನ್‌ವಾಲಿಸನ ದಂಡು ಬೆಂಗಳೂರನ್ನು ಹಿಡಿದು ದೇವನಹಳ್ಳಿಯ ಕಡೆಗೆ ಸಾಗಿತು, ಅಕ್ಟೋಬರ್ ತಿಂಗಳಲ್ಲಿ ನಂದಿದುರ್ಗವೂ ಬಿದ್ದಿತು. ಮೂವತ್ತು ವರ್ಷಗಳಲ್ಲಿ ಇಷ್ಟು ದಂಡುಗಳನ್ನು ಕಂಡ ರೈತನಿಗೆ ರಾಜ್ಯವೆಂದರೆ ಯಾವ ಅಮಲ್ದಾರ ಕಂದಾಯ ಕೇಳಲು ಬರುತ್ತಾನೆ ಎಂಬುದಷ್ಟೇ ಆಗಿದ್ದರೆ ಆಶ್ಚರ್ಯವಿಲ್ಲ. ಪೂರ್ಣಯ್ಯನ ಬದುಕು ನಡೆದುದೂ ಈ ಅಮಲ್ದಾರನ ಹಿಂದಿನ ಕಡತಗಳ ನಡುವೆಯೇ.

ಪೂರ್ಣಯ್ಯ ಹುಟ್ಟಿದ್ದು 1746ರಲ್ಲಿ, ತಮಿಳು ಸೀಮೆಯ ತಿರುಕಂಬೂರಿನ ಮಾಧ್ವ ದೇಶಸ್ಥ ಬ್ರಾಹ್ಮಣ ಕುಟುಂಬದಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ದಿನಸಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಅಲ್ಲಿಂದ ಅವನು ತಲುಪಿದ್ದು ಶ್ರೀರಂಗಪಟ್ಟಣದ ವರ್ತಕ ಅನ್ನದಾನ ಶೆಟ್ಟಿಯ ಬಳಿಗೆ. ಶೆಟ್ಟಿಯು ಹೈದರನ ಸೈನ್ಯಕ್ಕೆ ಸಾಮಗ್ರಿ ಒದಗಿಸುತ್ತಿದ್ದುದರಿಂದ ಅಂಗಡಿಯ ಲೆಕ್ಕವೂ ದಂಡಿನ ಲೆಕ್ಕವೂ ಸಂಧಿಸುವ ಜಾಗ ಅದಾಗಿತ್ತು. ಓದುಬರಹ ಬಾರದ, ಆದರೆ ಅಂಕಿಗಳನ್ನು ನೆನಪಿನಲ್ಲಿಯೇ ಹಿಡಿದಿಡುತ್ತಿದ್ದ ಹೈದರನ ಕಣ್ಣಿಗೆ ಈ ಯುವಕನ ಚುರುಕು ಬೀಳಲು ಹೆಚ್ಚು ಕಾಲ ಹಿಡಿಯಲಿಲ್ಲ. ಕನ್ನಡ, ತಮಿಳು, ಮರಾಠಿ, ಸಂಸ್ಕೃತ, ಪಾರಸಿಗಳಲ್ಲಿ ವ್ಯವಹರಿಸಬಲ್ಲ ಈತ ಕೆಲವೇ ವರ್ಷಗಳಲ್ಲಿ ಹಣಕಾಸು ಇಲಾಖೆಯ ಮುಖ್ಯರಲ್ಲೊಬ್ಬನಾದನು. ಕುಲದಿಂದಲ್ಲ, ಕೈಬರಹದಿಂದ ಮೇಲೆ ಬಂದವನು ಎಂಬ ಮಾತು ಇವನ ವಿಷಯದಲ್ಲಿ ಅಕ್ಷರಶಃ ನಿಜ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಶಿಬಿರದಲ್ಲಿ ಹೈದರನು ತೀರಿಕೊಂಡನು. ಮಗ ಟಿಪ್ಪು ಆಗ ಮಲಬಾರಿನಲ್ಲಿದ್ದನು. ಸುದ್ದಿ ಹೊರಬಿದ್ದಿದ್ದರೆ ಸೈನ್ಯ ಒಡೆಯುವ ಅಪಾಯವಿತ್ತು. ಪೂರ್ಣಯ್ಯನೂ ಖಜಾನೆಯ ಕೃಷ್ಣರಾಯನೂ ಉಳಿದ ಸರದಾರರ ಜೊತೆ ಸೇರಿ ಸಾವನ್ನು ಮರೆಮಾಡಿದರು. ಪಾರ್ಥಿವ ಶರೀರವನ್ನು ಪೆಟ್ಟಿಗೆಯಲ್ಲಿಟ್ಟು ಬೆಲೆಬಾಳುವ ಸರಕೆಂಬಂತೆ ಕೋಲಾರಕ್ಕೆ ಸಾಗಿಸಲಾಯಿತು. ಆಜ್ಞೆಗಳು, ಸಂಬಳ, ಕಾಗದಪತ್ರ ಎಲ್ಲವೂ ದೊರೆ ಜೀವಂತವಿರುವಂತೆಯೇ ನಡೆದವು. ಟಿಪ್ಪು ಬಂದು ದಂಡನ್ನು ವಹಿಸಿಕೊಳ್ಳುವವರೆಗೆ ರಾಜನಿಲ್ಲದ ರಾಜ್ಯವನ್ನು ಕಚೇರಿಯ ಬಲದಿಂದಲೇ ನಡೆಸಿದ ಈ ದಿನಗಳು ಪೂರ್ಣಯ್ಯನ ಮುಂದಿನ ಬದುಕಿನ ಸೂಚನೆಯಂತಿವೆ. ಸಿಂಹಾಸನ ಬರಿದಾಗಿದ್ದರೂ ಕಡತ ಮುಚ್ಚಬಾರದು ಎಂಬುದನ್ನು ಅವನು ಕಲಿತದ್ದು ಇಲ್ಲಿ. ಜೊತೆಗಿದ್ದ ಕೃಷ್ಣರಾಯನು ಮುಂದೆ ಸಂಶಯಕ್ಕೆ ಗುರಿಯಾಗಿ 1791ರಲ್ಲಿ ಕೊಲ್ಲಲ್ಪಟ್ಟನು. ಪೂರ್ಣಯ್ಯ ಉಳಿದುಕೊಂಡನು.

ಟಿಪ್ಪುವಿನ ಕಾಲದಲ್ಲಿ ಅವನದು ಕೇವಲ ಲೆಕ್ಕದ ಕೆಲಸವಾಗಿರಲಿಲ್ಲ. ರಣಭೂಮಿಯಲ್ಲಿ ಪಡೆಗಳನ್ನು ನಡೆಸುವ ಹೊಣೆಯೂ ಅವನ ಮೇಲೆ ಬೀಳುತ್ತಿತ್ತು. 1792ರ ಮಾರ್ಚ್‌ನ ಶ್ರೀರಂಗಪಟ್ಟಣ ಒಪ್ಪಂದದಿಂದ ರಾಜ್ಯದ ಅರ್ಧಭಾಗ ಕೈತಪ್ಪಿ, 3 ಕೋಟಿ 30 ಲಕ್ಷ ರೂಪಾಯಿಗಳ ದಂಡ ತಲೆಗೆ ಬಂದಾಗ, ಉಳಿದ ಅರ್ಧದಿಂದ ಆ ಹಣವನ್ನು ಹೊಂದಿಸಬೇಕಾದ ಸಂಕಟವನ್ನು ಹಣಕಾಸಿನ ಅಧಿಕಾರಿ ಬೇರೆಯವರಿಗಿಂತ ಹೆಚ್ಚಾಗಿ ಅರಿತಿರಲೇಬೇಕು. ಸುಲ್ತಾನನ ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿದ್ದರು. ಮೊದಲ ವಿಭಜನೆ ಅದು. ಏಳು ವರ್ಷಗಳ ನಂತರದ ಎರಡನೆಯ ವಿಭಜನೆಯನ್ನು ಚರ್ಚಿಸುವವರು ಇದನ್ನು ಮರೆಯುವುದೇ ಹೆಚ್ಚು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಹೋರಾಡುತ್ತ ಮಡಿದಾಗ ಪೂರ್ಣಯ್ಯನು ಕಮರುದ್ದೀನ್ ಖಾನನೊಂದಿಗೆ ಕೋಟೆಯ ಹೊರಗೆ ಅಶ್ವಪಡೆಯಲ್ಲಿದ್ದನು. ಆ ರಾತ್ರಿ ಪಟ್ಟಣದಲ್ಲಿ ನಡೆದ ಲೂಟಿ ಭೀಕರವಾದುದು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ತನ್ನದೇ ಸೈನಿಕರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಬೇಕಾಯಿತು. ಕೋಟೆಯೊಳಗಿನ ದ್ರೋಹದ ಆರೋಪ ಮುಖ್ಯವಾಗಿ ಮೀರ್ ಸಾದಿಕನ ಮೇಲಿದೆ. ಜನಮನದಲ್ಲಿ ಪೂರ್ಣಯ್ಯನ ಹೆಸರೂ ಅದರೊಂದಿಗೆ ಸೇರಿಕೊಂಡಿದೆ. ಆದರೆ ಪತನಕ್ಕೆ ಮುನ್ನ ಅವನು ಮಾಡಿದುದಕ್ಕೂ ಪತನದ ನಂತರ ಒಪ್ಪಿಕೊಂಡುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ದಾಖಲೆಗಳು ಹೇರಳವಾಗಿವೆ. ಅದನ್ನೇ ಆಧಾರವಾಗಿಸಿಕೊಂಡು ಮೊದಲನೆಯದನ್ನು ಊಹಿಸುವುದು ಸಂಶೋಧನೆಯ ಕ್ರಮವಲ್ಲ. ಶರಣಾದ ಬಳಿಕ ಅವನು ಕಂಪನಿಯ ಮುಂದಿಟ್ಟ ಮೊದಲ ಸಲಹೆ ಟಿಪ್ಪುವಿನ ಹಿರಿಯ ಮಗ ಫತೇ ಹೈದರನಿಗೆ ಪಟ್ಟ ಕಟ್ಟಬೇಕೆಂಬುದಾಗಿತ್ತೆಂಬ ಅಂಶವನ್ನು ಮಾರ್ಕ್ ವಿಲ್ಕ್ಸ್‌ನ ಇತಿಹಾಸವು ದಾಖಲಿಸಿದೆ. ಸಲಹೆ ತಿರಸ್ಕೃತವಾಯಿತು. ಪೂರ್ಣಯ್ಯ ಹಟ ಹಿಡಿಯಲಿಲ್ಲ. ಅವನ ಸ್ವಭಾವವಿರುವುದು ಈ ಎರಡು ವಾಕ್ಯಗಳ ನಡುವೆ.

ಗೆದ್ದ ರಾಜ್ಯವನ್ನು ಏನು ಮಾಡಬೇಕೆಂದು ನಿರ್ಧರಿಸಲು ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯು ಮೈಸೂರು ಕಮಿಷನ್ನನ್ನು ನೇಮಿಸಿದನು. ಜನರಲ್ ಹ್ಯಾರಿಸ್, ವೆಲ್ಲೆಸ್ಲಿ ಸೋದರರಾದ ಆರ್ಥರ್ ಮತ್ತು ಹೆನ್ರಿ, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್ ಅದರ ಸದಸ್ಯರು. ಜಾನ್ ಮಾಲ್ಕಂ ಮತ್ತು ಥಾಮಸ್ ಮನ್ರೋ ಕಾರ್ಯದರ್ಶಿಗಳು. ಇಡೀ ರಾಜ್ಯವನ್ನು ಕಂಪನಿ ಮತ್ತು ನಿಜಾಮ ಸಮನಾಗಿ ಹಂಚಿಕೊಂಡರೆ ನಿಜಾಮನ ಬಲ ಅತಿಯಾಗುತ್ತದೆ, ಮರಾಠರು ಕೆರಳುತ್ತಾರೆ. ಆದ್ದರಿಂದ ನಡುವೆ ಒಂದು ಸಣ್ಣ ರಾಜ್ಯ ಬೇಕಾಗಿತ್ತು. ಮೈಸೂರಿನ ಒಡೆಯರ ಪುನಃಸ್ಥಾಪನೆಯನ್ನು ನ್ಯಾಯದ ಕಾರ್ಯವೆಂದು ಬಣ್ಣಿಸುವಾಗ ಈ ಲೆಕ್ಕಾಚಾರವನ್ನು ಬದಿಗಿಡಲಾಗದು. ಹಾಗೆಂದು ರಾಣಿ ಲಕ್ಷ್ಮಮ್ಮಣ್ಣಿಯವರು ಪ್ರಧಾನ್ ತಿರುಮಲರಾಯನ ಮೂಲಕ ದಶಕಗಳ ಕಾಲ ಕಂಪನಿಯೊಡನೆ ನಡೆಸಿದ ಪ್ರಯತ್ನಗಳನ್ನೂ ಅಲ್ಲಗಳೆಯಲಾಗದು. 1782ರಷ್ಟು ಹಿಂದೆಯೇ ಅವರ ಪರವಾಗಿ ಒಪ್ಪಂದವೊಂದು ಆಗಿತ್ತು. ಆ ಒಪ್ಪಂದದ ಆಸೆಯಿಂದ ಕಾದಿದ್ದ ತಿರುಮಲರಾಯನಿಗೆ ದೊರೆತದ್ದು ನಿವೃತ್ತಿ ವೇತನ ಮಾತ್ರ. ದಿವಾನಗಿರಿ ದೊರೆತದ್ದು ಶತ್ರುಪಕ್ಷದ ಪೂರ್ಣಯ್ಯನಿಗೆ. ನಿಷ್ಠೆಗಿಂತ ಗ್ರಾಮಗಳ ಜಮಾಬಂದಿಯ ಜ್ಞಾನವೇ ಕಂಪನಿಗೆ ಅಮೂಲ್ಯವಾಗಿತ್ತು.

1792ರ ಪಟ್ಟಿಗಳ ಮೇಲೆ ಆಧಾರಗೊಂಡ ಹಂಚಿಕೆಯ ಅಂಕಿಗಳು ಹೀಗಿವೆ. ಟಿಪ್ಪುವಿನ ಕುಟುಂಬದ ಜೀವನಾಂಶವನ್ನು ಕಳೆದು ಕಂಪನಿಗೆ ಸುಮಾರು 5.37 ಲಕ್ಷ ಕಂಠೀರಾಯಿ ವರಹಗಳ ಪ್ರದೇಶ. ಕಮರುದ್ದೀನನ ಜಹಗೀರನ್ನು ಕಳೆದು ನಿಜಾಮನಿಗೂ ಹೆಚ್ಚುಕಡಿಮೆ ಅಷ್ಟೇ. ಪೇಶ್ವೆಗೆಂದು 2.64 ಲಕ್ಷದ ಪಾಲು ತೆಗೆದಿರಿಸಲಾಗಿದ್ದರೂ ಷರತ್ತುಗಳಿಗೆ ಆತ ಒಪ್ಪದ್ದರಿಂದ ಅದನ್ನು ಕಂಪನಿಯೂ ನಿಜಾಮನೂ ಹಂಚಿಕೊಂಡರು. ಮೈಸೂರಿಗೆ ಉಳಿದುದು 13.74 ಲಕ್ಷ ವರಹಗಳ ನೆಲ. ಕೆನರಾ, ಕೊಯಮತ್ತೂರು, ವೈನಾಡು ಕಂಪನಿಗೆ ಹೋದವು. ಗುತ್ತಿ, ಗುರ್ರಂಕೊಂಡ ಸೀಮೆಗಳು ನಿಜಾಮನಿಗೆ ಸೇರಿದವು. ಮರುವರ್ಷವೇ, 1800ರ ಅಕ್ಟೋಬರ್‌ನಲ್ಲಿ, ನಿಜಾಮನು ತಾನು ಪಡೆದುದನ್ನು ಸೈನ್ಯದ ವೆಚ್ಚಕ್ಕಾಗಿ ಕಂಪನಿಗೆ ಬಿಟ್ಟುಕೊಟ್ಟನು. ಬಳ್ಳಾರಿ, ಅನಂತಪುರಗಳು ಮದರಾಸು ಪ್ರಾಂತ್ಯಕ್ಕೆ ಸೇರಿದುದು ಹೀಗೆ. ಮಡಕಶಿರಾ ಹಿಂದೂಪುರಗಳ ಕನ್ನಡಿಗರು, ಕಾಸರಗೋಡಿನ ಕನ್ನಡಿಗರು, ಹೊಸೂರಿನ ಕನ್ನಡಿಗರು ಬೇರೆಬೇರೆ ಆಡಳಿತಗಳಿಗೆ ಸೇರಿಹೋದುದರ ಹಿಂದೆ 1792 ಮತ್ತು 1799ರ ಈ ವರಹಗಳ ಪಟ್ಟಿಗಳಿವೆ. 1956ರ ನವೆಂಬರ್ 1ರಂದು ಏಕೀಕರಣವು ಒಂದುಗೂಡಿಸಿದುದೂ, ಒಂದುಗೂಡಿಸಲಾಗದೆ ಬಿಟ್ಟುದೂ ಬಹುಮಟ್ಟಿಗೆ ಇದೇ ಹಂಚಿಕೆಯ ಚೂರುಗಳನ್ನು. ಪಟ್ಟಿಯಲ್ಲಿ ಭಾಷೆಗೆ ಅಂಕಣವಿರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಜರ್ಮನಿಯನ್ನು ಗೆದ್ದವರು ನಾಲ್ಕು ವಲಯಗಳಾಗಿ ಒಡೆದರು. ಜಪಾನಿನಲ್ಲಿ ಸಿಂಹಾಸನವನ್ನೂ ಅಧಿಕಾರಿವರ್ಗವನ್ನೂ ಉಳಿಸಿಕೊಂಡು ಅವುಗಳ ಮೂಲಕವೇ ಆಳಿದರು. ಮೈಸೂರಿನಲ್ಲಿ ಈ ಎರಡೂ ವಿಧಾನಗಳು ಒಟ್ಟಿಗೇ ಪ್ರಯೋಗವಾದವು. 1799ರ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕ ನಡೆಯಿತು. ಅರಮನೆ ಇರಲಿಲ್ಲ, ಹಳೆಯ ಕೋಟೆಯನ್ನು ಟಿಪ್ಪು ಕೆಡವಿಸಿದ್ದನು. ಚಪ್ಪರದಡಿಯಲ್ಲಿ ಸಮಾರಂಭ ಮುಗಿಯಿತು. ಜುಲೈ 8ರ ಸಹಾಯಕ ಸೈನ್ಯ ಒಪ್ಪಂದವು ವರ್ಷಕ್ಕೆ 7 ಲಕ್ಷ ನಕ್ಷತ್ರ ವರಹಗಳ, ಅಂದರೆ ಸುಮಾರು 24.5 ಲಕ್ಷ ರೂಪಾಯಿಗಳ ಪೊಗದಿಯನ್ನು ಗೊತ್ತುಪಡಿಸಿತು. ಪಟ್ಟಿಯಲ್ಲಿ ಕಾಣಿಸಿದ ಉತ್ಪನ್ನದ ಅರ್ಧಕ್ಕಿಂತ ಹೆಚ್ಚಿನ ಭಾಗ ಇದು. ಹಣ ಬಾರದೆಂಬ ಶಂಕೆ ಮೂಡಿದರೂ ಸಾಕು, ಆಡಳಿತವನ್ನು ಕಂಪನಿ ತಾನೇ ವಹಿಸಿಕೊಳ್ಳಬಹುದೆಂಬ ಕಲಮೂ ಅದರಲ್ಲಿತ್ತು. ಪೂರ್ಣಯ್ಯನ ಹನ್ನೆರಡು ವರ್ಷಗಳ ಆಡಳಿತದ ಪ್ರತಿಯೊಂದು ನಿರ್ಧಾರವನ್ನೂ ಆ ಕಲಮಿನ ನೆರಳಿನಲ್ಲಿಟ್ಟು ಓದಬೇಕಾಗುತ್ತದೆ.

ಪುನರ್ನಿರ್ಮಾಣದ ಮೊದಲ ಹೆಜ್ಜೆಯಾಗಿ ಅವನು ಹಳೆಯ ಕಂದಾಯದ ಬಾಕಿಗಳನ್ನೆಲ್ಲ ರದ್ದುಗೊಳಿಸಿ, ಭೂಮಿಯ ಮೇಲಿನ ತೆರಿಗೆಯನ್ನು ಹಿಂದಿನ ದರಕ್ಕೆ ಇಳಿಸುವುದಾಗಿ ಘೋಷಿಸಿದನು. ಊರು ಬಿಟ್ಟು ಹೋದವರು ಹಿಂದಿರುಗದೆ ಹೊಲ ಉಳುವವರಿಲ್ಲ, ಉಳುವವರಿಲ್ಲದೆ ಪೊಗದಿಯಿಲ್ಲ. ಟಿಪ್ಪು ನಿರರ್ಥಕವೆಂದು ಕೆಡವಿಸಿದ್ದ ಬೆಂಗಳೂರಿನ ಕೋಟೆಯ ದುರಸ್ತಿ ಆರಂಭವಾಯಿತು. ನಿಜಾಮ ಮತ್ತು ಆರ್ಕಾಟಿನ ಸೀಮೆಗಳೊಡನೆ ವ್ಯಾಪಾರ ನಿಷೇಧವಾಗಿದ್ದುದರಿಂದ ಸೊರಗಿದ್ದ ಪೇಟೆಗೆ ವರ್ತಕರು ಮರಳುತ್ತಿದ್ದುದನ್ನು 1800ರಲ್ಲಿ ಸಂಚಾರ ಬಂದ ಫ್ರಾನ್ಸಿಸ್ ಬುಕಾನನ್ ಗಮನಿಸಿದ್ದಾನೆ. ಬುಕಾನನ್‌ನ ಸಂಚಾರ, ಅದೇ ವರ್ಷ ಬೆಂಗಳೂರಿನ ಬಳಿ ಲ್ಯಾಂಬ್ಟನ್ ಅಳೆದ ಆಧಾರರೇಖೆ, ಕಾಲಿನ್ ಮೆಕೆಂಜಿಯ ಸರ್ವೇಕ್ಷಣೆ, ಇವೆಲ್ಲ ಗೆದ್ದ ನೆಲವನ್ನು ತಿಳಿದುಕೊಳ್ಳುವ ಒಂದೇ ಉದ್ದೇಶದ ಶಾಖೆಗಳು. ಕನ್ನಡ ಸಂಶೋಧಕರು ಇಂದು ಆಶ್ರಯಿಸುವ ಕೈಫಿಯತ್ತುಗಳು ಆ ಆಕ್ರಮಣದ ಉಪಫಲವೆಂಬುದು ಮುಜುಗರದ ಸತ್ಯ. ಆದರೂ ಅವನ್ನು ಬಿಟ್ಟು ಗ್ರಾಮಚರಿತ್ರೆ ಬರೆಯುವಂತಿಲ್ಲ.

ಶಾಂತಿ ಒಮ್ಮೆಲೇ ಬರಲಿಲ್ಲ. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾದ ಧೋಂಡಿಯ ವಾಘನು ಚದುರಿದ ಸೈನಿಕರನ್ನು ಕೂಡಿಸಿಕೊಂಡು ಎದ್ದು, 1800ರ ಸೆಪ್ಟೆಂಬರ್ 10ರಂದು ಕೊನೆಗೊಂಡನು. ಬಲಂ ಸೀಮೆಯ ಕೃಷ್ಣಪ್ಪನಾಯಕನು 1802ರಲ್ಲಿ ಗಲ್ಲಿಗೇರಿದನು. ಕೆಲಸ ಕಳೆದುಕೊಂಡ ಟಿಪ್ಪುವಿನ ಸೈನಿಕರಲ್ಲಿ ಹಲವರನ್ನು ಪೂರ್ಣಯ್ಯನು ಸಿಲ್ಲೇದಾರ ಕುದುರೆಪಡೆಗೂ ಕಾಲಾಳುಗಳಿಗೂ ಸೇರಿಸಿಕೊಂಡನು. ಕಂದಾಚಾರದ ಆಳುಗಳಿಗೆ ಹೊಲ ಉಳುತ್ತಲೇ ಕಾವಲು ಕಾಯುವ ಏರ್ಪಾಡು ಮುಂದುವರಿಯಿತು. ಪಾಳೆಯಗಾರರಿಗೆ ವರ್ಷಾಶನ ಕೊಟ್ಟು ಕಣ್ಣಳತೆಯಲ್ಲಿರಿಸಲಾಯಿತು. ಸೋತ ಸೈನ್ಯವನ್ನು ಬೀದಿಗೆ ಬಿಡದೆ ಸಂಬಳಕ್ಕೆ ಕಟ್ಟಿಹಾಕಿದುದು ಅವನ ಅತ್ಯಂತ ವಿವೇಕದ ಕೆಲಸವೆನ್ನಬೇಕು. 1803ರ ಮರಾಠಾ ಯುದ್ಧದಲ್ಲಿ ಮೈಸೂರು ಕುದುರೆಪಡೆಯು ವೆಲ್ಲೆಸ್ಲಿಯ ಜೊತೆಗಿತ್ತು. 1807ರ ಒಪ್ಪಂದದಿಂದ 4,000 ಸವಾರರನ್ನು ಸದಾ ಸಿದ್ಧವಾಗಿಡುವ ಹೊಣೆ ಮೈಸೂರಿನದಾಯಿತು. 1809ರಲ್ಲಿ ಕಂಪನಿಯ ಮದರಾಸು ಸೈನ್ಯದ ಬಿಳಿಯ ಅಧಿಕಾರಿಗಳೇ ಶ್ರೀರಂಗಪಟ್ಟಣದಲ್ಲಿ ದಂಗೆಯೆದ್ದಾಗ, ಚಿತ್ರದುರ್ಗದಿಂದ ಅವರನ್ನು ಕೂಡಿಕೊಳ್ಳಲು ಬರುತ್ತಿದ್ದ ಪಡೆಗಳನ್ನು ತಡೆಯುವುದರಲ್ಲಿ ಮೈಸೂರಿನ ಕುದುರೆಗಳು ಪಾಲ್ಗೊಂಡವು. ಹತ್ತು ವರ್ಷಗಳ ಹಿಂದೆ ಕಂಪನಿಯ ವಿರುದ್ಧ ಇದೇ ನದೀತೀರದಲ್ಲಿ ಕುದುರೆಪಡೆ ನಡೆಸಿದ್ದವನು ಈಗ ಕಂಪನಿಯ ಸರ್ಕಾರವನ್ನು ಕಂಪನಿಯ ಅಧಿಕಾರಿಗಳಿಂದ ಕಾಪಾಡಿದನು.

ಕಟ್ಟಡಗಳ ಮಾತು ಸಂಕ್ಷೇಪವಾಗಿ ಸಾಕು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ 1804ರಲ್ಲಿ ಕಲ್ಲಿನ ಕಂಬಗಳ ಸೇತುವೆ ನಿಂತಿತು. ಗವರ್ನರ್ ಜನರಲ್‌ನ ಹೆಸರನ್ನೇ ಅದಕ್ಕಿಡಲಾಯಿತು. ಮೈಸೂರಿಗೆ ನದಿಯ ನೀರು ತರಲು ತೋಡಿಸಿದ ಪೂರ್ಣಯ್ಯ ನಾಲೆ ಪೂರೈಸಲಿಲ್ಲ. ಕೆರೆಗಳು, ಛತ್ರಗಳು, ಅಂಚೆ, 1805ರಲ್ಲಿ ಮೈಸೂರಿನ ಅದಾಲತ್ತು ಎಲ್ಲವೂ ಅವನ ಹೆಸರಿಗಿವೆ. ಕಚೇರಿಗಳಲ್ಲಿ ಕನ್ನಡದ ಜೊತೆ ಮರಾಠಿಯೂ ನಡೆಯುತ್ತಿತ್ತು. ಟಿಪ್ಪುವಿನ ಕಾಲದ ಪಾರಸಿಯ ಪ್ರಾಬಲ್ಯ ತಗ್ಗಿದ ಕೂಡಲೇ ಆ ಸ್ಥಾನ ಪೂರ್ತಿಯಾಗಿ ಕನ್ನಡಕ್ಕೆ ದಕ್ಕಲಿಲ್ಲವೆಂಬುದನ್ನು ಕನ್ನಡ ಆಡಳಿತಭಾಷೆಯ ಚರಿತ್ರೆಯನ್ನು ಬರೆಯುವವರು ಗಮನಿಸಬೇಕು.

ಅವನ ಆಡಳಿತದ ದುರ್ಬಲ ಭಾಗವೊಂದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಪುಷ್ಯಮಾಸದ ಆಸುಪಾಸಿನಲ್ಲಿ ಅಲ್ಲಿ ಸೇರುವ ಹಳ್ಳಿಕಾರ್ ಎತ್ತುಗಳ ಕುಲದಿಂದಲೇ ಬೆಳೆದುದು ಅಮೃತಮಹಲ್ ತಳಿ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯನ್ನು ಹೈದರ್ ಮತ್ತು ಟಿಪ್ಪು ಫಿರಂಗಿ ಎಳೆಯುವ, ದಂಡಿನ ಸಾಮಾನು ಹೊರುವ ಎತ್ತುಗಳ ಮಹಾ ಇಲಾಖೆಯಾಗಿ ಬೆಳೆಸಿದ್ದರು. ಮೈಸೂರಿನ ಸೈನ್ಯದ ವೇಗದ ಗುಟ್ಟು ಇದೇ ಆಗಿತ್ತು. ಪತನದ ನಂತರ ಕಂಪನಿಗೆ ಎತ್ತುಗಳನ್ನು ಒದಗಿಸಬೇಕೆಂಬ ಷರತ್ತಿನೊಡನೆ ಈ ಹಿಂಡುಗಳನ್ನು ಮೈಸೂರು ಸರ್ಕಾರಕ್ಕೆ ಒಪ್ಪಿಸಲಾಯಿತು. ಪೂರ್ಣಯ್ಯನ ಕಾಲದಲ್ಲಿ ತಳಿ ಕ್ಷೀಣಿಸಿತು. 1813ರಲ್ಲಿ ಮದರಾಸಿನ ಕ್ಯಾಪ್ಟನ್ ಹಾರ್ವೆ ಅದನ್ನು ಮರಳಿ ವಹಿಸಿಕೊಳ್ಳಬೇಕಾಯಿತು. ಹಣವನ್ನು ಎಣಿಸುವಷ್ಟು ಶ್ರದ್ಧೆಯಿಂದ ಹಿಂಡನ್ನು ಎಣಿಸಲಿಲ್ಲವೆಂದರೆ ಕಠಿಣವಾದೀತು. ಆದರೆ ತನ್ನದೇ ಯುದ್ಧವಿಲ್ಲದ ರಾಜ್ಯಕ್ಕೆ ಬೇರೆಯವರ ಯುದ್ಧದ ಎತ್ತುಗಳನ್ನು ಸಾಕುವ ಉತ್ಸಾಹ ಎಲ್ಲಿಂದ ಬರಬೇಕು?

ಆರೋಪಗಳಲ್ಲಿ ಹೆಚ್ಚು ಗಂಭೀರವಾದುದು ಬೊಕ್ಕಸದ ಕುರಿತಾದುದು. ಪೊಗದಿಯನ್ನು ತಪ್ಪದೆ ಸಲ್ಲಿಸಿಯೂ ಅವನು ಎರಡು ಕೋಟಿ ರೂಪಾಯಿಗೂ ಮೀರಿದ ಹಣವನ್ನು ಕೂಡಿಟ್ಟನು. ರೆಸಿಡೆಂಟರು ಇದನ್ನು ಮೆಚ್ಚಿದರು. ಈ ಹಣ ಎಲ್ಲಿಂದ ಬಂತೆಂದು ಕೇಳಿದರೆ, 1792ರ ಪಟ್ಟಿಯ ಅಂಕಿಯನ್ನು ಬಹಳ ಮೀರಿದ ವಸೂಲಿಯಿಂದ ಎಂಬುದೇ ಉತ್ತರ. ಯುದ್ಧದಿಂದ ಬಸವಳಿದ ಸೀಮೆಯಿಂದ ಅಷ್ಟನ್ನು ಎತ್ತಿ, ಅದನ್ನು ರೈತನಿಗೆ ಮರಳಿಸದೆ ಪೆಟ್ಟಿಗೆಯಲ್ಲಿಟ್ಟುದು ಪುನರ್ನಿರ್ಮಾಣವೆನಿಸುವುದೇ ಎಂಬ ಪ್ರಶ್ನೆ ಉಳಿಯುತ್ತದೆ. ಆದರೆ ಆ ಕಲಮನ್ನು ಮರೆಯದವನಿಗೆ ತುಂಬಿದ ಬೊಕ್ಕಸವೇ ರಾಜ್ಯದ ಕೋಟೆಯಾಗಿತ್ತು. ನಿಜವಾದ ಕೋಟೆಗಳು ಕಂಪನಿಯ ಕೈಯಲ್ಲಿದ್ದವು.

1807ರ ಡಿಸೆಂಬರ್‌ನಲ್ಲಿ ಅವನಿಗೆ ಯಳಂದೂರನ್ನು ಜಹಗೀರಾಗಿ ಕೊಡಲಾಯಿತು. 1810ರ ಫೆಬ್ರವರಿಯಲ್ಲಿ ಲಕ್ಷ್ಮಮ್ಮಣ್ಣಿಯವರು ತೀರಿಕೊಂಡರು. ಹದಿನಾರು ತುಂಬಿದ ಅರಸರು ಅಧಿಕಾರವನ್ನು ಬಯಸಿದರು. ಮಗುವಿನ ಪರವಾಗಿ ಆಳಿ ರೂಢಿಯಾದ ಮುದುಕನಿಗೆ ಬಿಟ್ಟುಕೊಡುವುದು ಸುಲಭವಾಗಲಿಲ್ಲ. ರೆಸಿಡೆಂಟ್ ಕೋಲ್‌ನ ಮಧ್ಯಸ್ಥಿಕೆಯಿಂದ 1811ರ ಡಿಸೆಂಬರ್‌ನಲ್ಲಿ ಪೂರ್ಣಯ್ಯ ನಿವೃತ್ತನಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಟಿಪ್ಪುವಿನ ಬೇಸಿಗೆಯ ಅರಮನೆಯಿದ್ದ ದೌಲತ್‌ಬಾಗಿನಲ್ಲಿ, 1812ರ ಮಾರ್ಚ್ ಕೊನೆಯಲ್ಲಿ ಅವನ ಜೀವನ ಮುಗಿಯಿತು. ಯಳಂದೂರು ಅವನ ವಂಶಕ್ಕೆ ಉಳಿಯಿತು. ಆ ಮನೆತನದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಕೂಡಿಟ್ಟ ಎರಡು ಕೋಟಿ ಉಳಿಯಲಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ಮರುವರ್ಷ ಬೆಂಟಿಂಕನು 1799ರ ಒಪ್ಪಂದದ ಆ ಕಲಮನ್ನು ಮುಂದಿಟ್ಟುಕೊಂಡು ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನು. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರ ಮಾರ್ಚ್ 25ರಂದು.